ಮಧ್ಯಾಹ್ನದ ಚುಕ್ಕಿಗಳು

ಫೆಬ್ರವರಿ ೩, ೨೦೨೫. ಚನ್ನಗಿರಿ

ಇವತ್ತಿನಿಂದ ಬರೆದಿಡುತ್ತೇನೆ. ಬಾಯಲ್ಲಿ ಹೇಳಿದರೆ ಆಫೀಸಿನಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ತಾರೀಖು ಸಮೇತ ಮುಂದಿಟ್ಟರೆ ಕೇಳಲೇಬೇಕಾಗುತ್ತದೆ.

ಬಸ್ಸಿಗೆ ಹೊಸ ಟೆಕ್ನಿಷಿಯನ್ ಬಂದಿದ್ದಾಳೆ. ಹೆಸರು ನೇತ್ರಾವತಿ, ನ್ಯಾಮತಿಯವಳು, ಇಪ್ಪತ್ತೆಂಟು ವರ್ಷ. ಶಿವಮೊಗ್ಗದಲ್ಲಿ ನಾಲ್ಕು ವರ್ಷ ಇದೇ ಕೆಲಸ ಮಾಡಿದ್ದಾಳಂತೆ. ಟ್ರಸ್ಟಿನವರು ನನ್ನನ್ನು ಒಂದು ಮಾತು ಕೇಳದೆ ಕಳಿಸಿದ್ದಾರೆ. ಊರೂರಿಗೆ ಹೋಗಿ ನಲವತ್ತು ದಾಟಿದ ಹೆಂಗಸರಿಗೆ ಮ್ಯಾಮೊಗ್ರಾಂ, ಅಂದರೆ ಎದೆಯ ಎಕ್ಸ್‌ರೇ, ತೆಗೆಯುವ ಈ ಬಸ್ಸನ್ನು ಮೊದಲ ದಿನದಿಂದ ನಡೆಸಿಕೊಂಡು ಬಂದವಳು ನಾನು.

ದಿನಾ ಬೆಳಿಗ್ಗೆ ಮೆಷಿನ್ ಪರೀಕ್ಷೆ ಮಾಡಬೇಕು. ಇವತ್ತು ಅವಳಿಗೆ ಬಿಟ್ಟೆ. ನಾನು ಬರುವಷ್ಟರಲ್ಲಿ ಮುಗಿಸಿ ರಿಜಿಸ್ಟರಿನಲ್ಲಿ "ಚುಕ್ಕಿ ಗುಂಪು: ನಾಲ್ಕು" ಎಂದು ಬರೆದಿದ್ದಳು. ಇಷ್ಟು ಬೇಗ ಹೇಗೆ ಎಣಿಸಿದಳು?

ಮೂರು ವರ್ಷದ ಹಿಂದೆ ಹೀಗೇ ಒಬ್ಬ ಬರೆದ ಅಂಕಿ ನಂಬಿ ಕೆಳಗೆ ಸಹಿ ಹಾಕಿದ್ದೆ. ಅವನು ಪರೀಕ್ಷೆಯನ್ನೇ ಮಾಡದೆ ತಿಂಗಳುಗಟ್ಟಲೆ ತುಂಬಿದ್ದ. ಅವನು ಕೆಲಸ ಬಿಟ್ಟು ಹೋದ. ಮೆಮೊ ನನ್ನ ಫೈಲಿನಲ್ಲಿ ಉಳಿಯಿತು.

ಜನರೇಟರ್ ಡೀಸೆಲ್ ಕಡಿಮೆ ಮಾಡಿ ಎಂದು ಆಫೀಸಿನಿಂದ ಪತ್ರ ಬಂದಿದೆ. ಊಟದ ಹೊತ್ತಿಗೆ, ಒಂದರಿಂದ ಎರಡೂವರೆಯವರೆಗೆ, ಎ.ಸಿ. ಆರಿಸಲು ಡ್ರೈವರ್ ಜುಂಜಪ್ಪನಿಗೆ ಹೇಳಿದೆ. ಇವತ್ತು ಇಪ್ಪತ್ತೆರಡು ಮಂದಿ.

ಫೆಬ್ರವರಿ ೫. ಚನ್ನಗಿರಿ

ಜುಂಜಪ್ಪ ಬಾಗಿಲಲ್ಲಿ ನಿಂತು, "ದಿನಾ ಆ ಸೋಪಿನ ಬಿಲ್ಲೆಗೆ ಯಾಕ್ರೀ ಎಕ್ಸ್‌ರೇ ಹೊಡೀತೀರಿ?" ಎಂದ. ಹನ್ನೊಂದು ತಿಂಗಳಾಗಿದೆ ಬಸ್ಸು ಹೊಡೆಯಲು ಬಂದು, ಇವತ್ತು ಕೇಳುತ್ತಾನೆ.

ಹೇಳಿದೆ. ಅದರ ಹೆಸರು ಫ್ಯಾಂಟಮ್. ಮೇಣದಲ್ಲಿ ಹೆಂಗಸಿನ ಎದೆಯಷ್ಟೇ ದಪ್ಪಕ್ಕೆ ಮಾಡಿದ ಅಚ್ಚು. ಒಳಗೆ ನೂಲೆಳೆ, ಸಣ್ಣ ಗಂಟು, ಸುಣ್ಣದ ಪುಡಿಯಂಥ ಚುಕ್ಕಿಗಳನ್ನು ಹುದುಗಿಸಿದ್ದಾರೆ. ಚುಕ್ಕಿಗಳು ಐದು ಗುಂಪು. ಮೊದಲನೆಯದು ಕುರುಡರಿಗೂ ಕಾಣುತ್ತದೆ, ಐದನೆಯದು ಯಾರಿಗೂ ಕಾಣುವುದಿಲ್ಲ. ಮೆಷಿನ್ ಎಷ್ಟು ಗುಂಪು ತೋರಿಸುತ್ತದೆಯೋ ಅಷ್ಟು ಅದರ ಕಣ್ಣು ಚುರುಕು. ಮೂರಕ್ಕಿಂತ ಕಡಿಮೆ ಬಂದರೆ ಆ ದಿನ ಯಾರಿಗೂ ಎಕ್ಸ್‌ರೇ ತೆಗೆಯಬಾರದು. ಏಕೆಂದರೆ ಕ್ಯಾನ್ಸರ್ ಎಷ್ಟೋ ಸಲ ಮೊದಲು ಕಾಣಿಸಿಕೊಳ್ಳುವುದು ಅಂಥ ಚುಕ್ಕಿಯಲ್ಲೇ.

"ಅಂದ್ರೆ ಮೆಷಿನ್ನಿಗೂ ಕಣ್ಣಿನ ಡಾಕ್ಟ್ರ ಚಾರ್ಟು ಐತೆ ಅನ್ನಿ," ಎಂದ.

ನೇತ್ರಾವತಿ ಮುಗುಳ್ನಕ್ಕಳು. ನನಗೆ ನಗು ಬರಲಿಲ್ಲ. ಇವತ್ತೂ ನಾಲ್ಕು ಎಂದು ಬರೆದಿದ್ದಾಳೆ.

ಫೆಬ್ರವರಿ ೧೧. ಚನ್ನಗಿರಿ

ಕೆರೆಬಿಳಚಿ ಕಡೆಯಿಂದ ಟೆಂಪೊ ತುಂಬ ಜನ. ಮೂವತ್ತೊಂದು ನಂಬರ್‌ವರೆಗೆ ಹೋಯಿತು. ಸಂಜೆ ಅವಳು ಲಾಡ್ಜಿಗೆ ಹೋದ ಮೇಲೆ ಒಬ್ಬಳೇ ಫ್ಯಾಂಟಮ್ ಇಟ್ಟು ಚಿತ್ರ ತೆಗೆದೆ. ಕೋಣೆ ಕತ್ತಲು ಮಾಡಿ, ಕನ್ನಡಕ ಒರೆಸಿ, ಎರಡು ಸಲ ಎಣಿಸಿದೆ.

ಮೂರು.

ಮೂರು ಬಂದರೂ ಪಾಸು, ಸರಿ. ಆದರೆ ಅವಳು ದಿನವೂ ನಾಲ್ಕು ಬರೆಯುತ್ತಾಳೆ. ಒಂದು ದಿನವೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಫೆಬ್ರವರಿ ೨೦. ಹೊನ್ನಾಳಿ

ಊಟದ ಹೊತ್ತಿನಲ್ಲಿ ಕಂಪ್ಯೂಟರಿನಲ್ಲಿ ಅವಳ ಬೆಳಗಿನ ಚಿತ್ರಗಳನ್ನೆಲ್ಲ ತೆಗೆದು ನೋಡಿದೆ. ಹದಿಮೂರು ಚಿತ್ರ. ಎಲ್ಲದರಲ್ಲೂ ನಾಲ್ಕು ಗುಂಪು ಸ್ಪಷ್ಟವಾಗಿವೆ. ಎಲ್ಲವೂ ಒಂದರ ಪಡಿಯಚ್ಚು ಇನ್ನೊಂದು. ಒಂದು ಒಳ್ಳೆಯ ಚಿತ್ರ ಇಟ್ಟುಕೊಂಡು ತಾರೀಖು ಬದಲಿಸಿ ಹಾಕುತ್ತಿದ್ದಾಳೆಯೇ? ಕಂಪ್ಯೂಟರ್ ಡಿಪ್ಲೊಮಾನೂ ಆಗಿದೆ ಎಂದು ಜುಂಜಪ್ಪ ಹೇಳಿದ್ದ.

ಬೆಳಿಗ್ಗೆ ನನಗಿಂತ ಒಂದು ಗಂಟೆ ಮುಂಚೆ ಬರುತ್ತಾಳೆ. ಎ.ಸಿ. ಹಾಕಿಸಿ ಬಾಗಿಲು ಮುಚ್ಚಿಕೊಂಡು ಒಳಗೆ ಕೂರುತ್ತಾಳೆ. ಯಾಕೆ ಎಂದು ಕೇಳಿದರೆ, "ಮೆಷಿನ್ ತಣ್ಣಗಾಗ್ಲಿ ಅಂತ ಮೇಡಂ," ಎನ್ನುತ್ತಾಳೆ. ಹೊನ್ನಾಳಿಯಲ್ಲಿ ಬೆಳಿಗ್ಗೆ ಏಳೂವರೆಗೆ ಎಂಥ ಸೆಕೆ?

ಫೆಬ್ರವರಿ ೨೩. ದಾವಣಗೆರೆ, ಮನೆ

ಭಾನುವಾರ. ಇವರು ತಟ್ಟೆ ಮುಂದೆ ಕೂತು ನನ್ನ ಮುಖ ನೋಡಿ, "ಏನು ಎಣಿಸ್ತಾ ಇದೀಯ?" ಎಂದರು. ಏನೂ ಇಲ್ಲವೆಂದೆ. ಇವರು ಹೈಸ್ಕೂಲ್ ಮೇಷ್ಟ್ರು, ಕಾಪಿ ಹೊಡೆಯುವವರನ್ನು ಹಿಡಿದ ಅನುಭವ ಇದೆ. ಪೂರ್ತಿ ಹೇಳಿದೆ.

"ಆ ಹುಡುಗಿನೇ ಕೇಳಬಹುದಲ್ಲ, ಕಲ್ಪನಾ," ಎಂದರು ರುದ್ರಮುನಿ.

ಕೇಳಿದರೆ ಹುಷಾರಾಗುತ್ತಾಳೆ. ಅಷ್ಟೂ ಗೊತ್ತಾಗುವುದಿಲ್ಲ ಇವರಿಗೆ.

ಮಾರ್ಚ್ ೬. ನ್ಯಾಮತಿ

ಅವಳ ಊರು. ಬಂದ ಹೆಂಗಸರೆಲ್ಲ ಅವಳನ್ನೇ ಕೇಳಿಕೊಂಡು ಬರುತ್ತಾರೆ. ಸೂರಗೊಂಡನಕೊಪ್ಪದ ಕಡೆಯಿಂದ ಬಂದ ಎಂಟು ಜನ ಲಂಬಾಣಿ ಹೆಂಗಸರು ನನ್ನ ಮಾತಿಗೆ ಬ್ಲೌಸ್ ಬಿಚ್ಚಲು ಒಪ್ಪಲೇ ಇಲ್ಲ. ಅವಳು ಅವರ ಭಾಷೆಯಲ್ಲೇ ಎರಡು ಮಾತಾಡಿದಳು, ನಗುತ್ತಾ ಒಳಗೆ ಹೋದರು. ಆ ಭಾಷೆ ಎಲ್ಲಿ ಕಲಿತೆ ಎಂದರೆ ಸ್ಕೂಲಿನ ಗೆಳತಿಯರಿಂದ ಎಂದಳು.

ಎರಡು ವಿಷಯ ಬರೆದಿಡಬೇಕು.

ಒಂದು: ಮೂರು ಗಂಟೆ ಹೊತ್ತಿಗೆ ಪರದೆಯ ಮೂಲೆಯಲ್ಲಿ ಹಳದಿ ಗುರುತು ಬಂತು. ಬಿಸಿಲು ಕಾಲದಲ್ಲಿ ಅಪರೂಪಕ್ಕೆ ಅದು ಬರುವುದುಂಟು. "ಸರಿ" ಒತ್ತಿದರೆ ಹೋಗುತ್ತದೆ. ಸರ್ವಿಸ್ ಎಂಜಿನಿಯರ್ ಪ್ರದೀಪ್ ಹಿಂದೆಯೇ ಹೇಳಿದ್ದ. ಇವಳು ಕೈ ನಿಲ್ಲಿಸಿ, "ಇದೇನಂತ ನೋಡ್ಬೇಕಲ್ಲ ಮೇಡಂ," ಎಂದಳು. ಹೊರಗೆ ಹದಿನಾಲ್ಕು ಜನ ಕಾಯುತ್ತಿದ್ದರು. "ಒತ್ತಮ್ಮ, ಎಂಟು ವರ್ಷದಿಂದ ಒತ್ತಿದೀನಿ," ಎಂದೆ. ಒತ್ತಿದಳು. ನನ್ನ ಮುಂದೆ ತನಗೆಷ್ಟು ಕಾಳಜಿ ಎಂದು ತೋರಿಸಿಕೊಳ್ಳುವ ಚಾಳಿ.

ಎರಡು: ಅವಳ ಹತ್ತಿರ ನೀಲಿ ರಟ್ಟಿನ ಪುಸ್ತಕವೊಂದಿದೆ. ಹೆಂಗಸರು ಹೋದ ಮೇಲೆ ಅದರಲ್ಲಿ ಹೆಸರು, ಊರು, ಫೋನ್ ನಂಬರ್ ಬರೆದುಕೊಳ್ಳುತ್ತಾಳೆ. ಎಲ್ಲರದ್ದೂ ಬರೆಯುವುದಿಲ್ಲ, ಕೆಲವರದ್ದು ಮಾತ್ರ. ಯಾರ ಹೆಸರು ಆರಿಸುತ್ತಾಳೆ, ಯಾರಿಗೆ ಕೊಡುತ್ತಾಳೆ? ಖಾಸಗಿ ಆಸ್ಪತ್ರೆಗಳು ಇಂಥ ಪಟ್ಟಿ ಹುಡುಕುತ್ತಿರುತ್ತವೆ.

ಮಾರ್ಚ್ ೧೨. ನ್ಯಾಮತಿ

ಪುಸ್ತಕ ಚೀಲದಲ್ಲೇ ಇಟ್ಟುಕೊಂಡು ಓಡಾಡುತ್ತಾಳೆ. ನಾನು ನೋಡಿದ್ದನ್ನು ನೋಡಿದಳು.

ಮಾರ್ಚ್ ೧೯. ಚನ್ನಗಿರಿ, ಎರಡನೇ ಸುತ್ತು

ಬಸವಾಪಟ್ಟಣದವರಿಗೆ ಶಿಬಿರ. ಸೆಕೆ ಈಗಲೇ ಮುಖಕ್ಕೆ ಹೊಡೆಯುತ್ತಿದೆ.

ಸಂಜೆ ಪರೀಕ್ಷೆ: ಎರಡು ಗುಂಪು. ಮತ್ತೆ ತೆಗೆದೆ. ಎರಡೇ. ಮೂರನೆಯದು ಇದೆಯೋ ಇಲ್ಲವೋ ಎನ್ನುವಂತೆ ಮರಳು ಚೆಲ್ಲಿದ ಹಾಗೆ ಕಾಣುತ್ತಿತ್ತು. ಬೆಳಿಗ್ಗೆ ಅವಳು ಬರೆದದ್ದು ನಾಲ್ಕು.

ಇನ್ನು ಸಂಶಯಪಡಲು ಏನೂ ಉಳಿದಿಲ್ಲ. ಮೆಷಿನ್ ಕೆಟ್ಟಿದೆ, ಇವಳು ಮುಚ್ಚಿಡುತ್ತಿದ್ದಾಳೆ. ಬಸ್ಸು ನಿಂತರೆ ಹೊಸದಾಗಿ ಬಂದವಳ ಕೆಲಸ ಹೋಗುತ್ತದಲ್ಲ.

ಮಾರ್ಚ್ ೨೧

ಆಫೀಸಿಗೆ ಪತ್ರ ಬರೆದೆ. ಮೂರು ಪುಟ. ತಾರೀಖು, ಅಂಕಿ, ನೀಲಿ ಪುಸ್ತಕ, ಎಲ್ಲ ಹಾಕಿದ್ದೇನೆ. ಈ ದಿನಚರಿ ಉಪಯೋಗಕ್ಕೆ ಬಂತು.

ಮಾರ್ಚ್ ೨೪. ದಾವಣಗೆರೆ

ವಿಚಾರಣೆ ಆಗುವವರೆಗೆ ಬರಬೇಡ ಎಂದು ಆಫೀಸಿನವರು ಅವಳಿಗೆ ಹೇಳಿದ್ದಾರೆ. ಪ್ರದೀಪ್ ಬೆಳಿಗ್ಗೆ ಹತ್ತಕ್ಕೆ ಬಂದು ಮೆಷಿನ್ ನೋಡಿ ಎಲ್ಲ ಸರಿಯಿದೆ ಎಂದು ಬರೆದುಕೊಟ್ಟು ಹೋದ. ಅವನೂ ಅವಳೂ ಶಿವಮೊಗ್ಗದಲ್ಲಿ ಪರಿಚಯ ಇರಬಹುದು. ವಿಚಾರಿಸಬೇಕು.

ಹೋಗುವಾಗ ಅವಳು ನನ್ನ ಹತ್ತಿರ ಬಂದಳು. ಜಗಳವಾಡುತ್ತಾಳೆ ಎಂದುಕೊಂಡಿದ್ದೆ.

"ಮಧ್ಯಾಹ್ನದ ಹೊತ್ತು ಒಂಚೂರು ನೋಡ್ಕೊಳ್ರಿ ಮೇಡಂ," ಎಂದಳು, ಅಷ್ಟೇ.

ಬೆದರಿಕೆ ಹಾಕಿದಳೋ ಏನೋ.

ಏಪ್ರಿಲ್ ೭. ಜಗಳೂರು

ಒಬ್ಬಳೇ. ಬದಲಿ ಟೆಕ್ನಿಷಿಯನ್ ಈ ತಿಂಗಳು ಸಿಗುವುದಿಲ್ಲವಂತೆ. ಬೆಳಿಗ್ಗೆ ಪರೀಕ್ಷೆ ನಾನೇ ಮಾಡಿದೆ. ಚಿತ್ರ ಬಂತು. ಎಣಿಸಿದೆ.

ನಾಲ್ಕು.

ಬಹಳ ಹೊತ್ತು ನೋಡುತ್ತಾ ಕೂತೆ. ಪ್ರದೀಪ್ ಬಂದಾಗ ನನಗೆ ಹೇಳದೆ ಏನಾದರೂ ರಿಪೇರಿ ಮಾಡಿಹೋಗಿರಬೇಕು.

ಏಪ್ರಿಲ್ ೮. ಜಗಳೂರು

ಬೆಳಿಗ್ಗೆ ನಾಲ್ಕು, ಸಂಜೆ ಎರಡು. ಎರಡೂ ನನ್ನ ಕೈಯಿಂದ ತೆಗೆದದ್ದು, ನನ್ನ ಕಣ್ಣಿಂದ ಎಣಿಸಿದ್ದು. ನಿಯಮ ಬೆಳಗಿನ ಪರೀಕ್ಷೆಗೆ, ಅದು ಪಾಸು, ಕೆಲಸ ನಿಲ್ಲಿಸುವ ಹಾಗಿಲ್ಲ.

ಮಧ್ಯಾಹ್ನ ಹದಿನೇಳನೇ ನಂಬರಿನ ಹೆಂಗಸು ಊರಿನ ಬಸ್ಸು ತಪ್ಪುತ್ತದೆ ಎಂದು ಸಾಲು ಮುರಿದು ಮುಂದೆ ಬಂದಳು. ಗದರಿದೆ. "ನಾನೇನು ಕದಿಯಾಕೆ ಬಂದೀನಾ ತಾಯಿ, ಹಂಗ್ಯಾಕೆ ನೋಡ್ತೀಯ?" ಎಂದಳು. ಹಳದಿ ಗುರುತು ಬಂತು, ಒತ್ತಿದೆ, ಚಿತ್ರ ತೆಗೆದೆ, ಕಳಿಸಿದೆ.

ಏಪ್ರಿಲ್ ೧೦. ಜಗಳೂರು

ಜನರೇಟರಿನಲ್ಲಿ ಏನೋ ನಡೆಯುತ್ತಿದೆ. ಜುಂಜಪ್ಪ ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸುತ್ತಿರಬಹುದು. ಮಧ್ಯಾಹ್ನದ ಮೇಲೆ ಕರೆಂಟು ಇಳಿದು ಚಿತ್ರ ಕೆಡುತ್ತಿರಬೇಕು. ಕ್ಯಾನ್ ಮೂಸಿ ನೋಡಿದೆ. ವಾಸನೆಯಲ್ಲಿ ಗೊತ್ತಾಗಲಿಲ್ಲ. ಅವನು ದೂರದಲ್ಲಿ ಬೀಡಿ ಸೇದುತ್ತಾ ನನ್ನನ್ನೇ ನೋಡುತ್ತಿದ್ದ.

"ಏನು ಹುಡುಕ್ತಾ ಇದೀರಿ ಮೇಡಂ?"

"ಏನಿಲ್ಲ."

"ಮೊದ್ಲು ಆ ಹುಡುಗಿ, ಈಗ ನಾನು," ಎಂದ. ದನಿ ಏರಿಸಲಿಲ್ಲ. ಮಧ್ಯಾಹ್ನ ಅವನು ಚಹಾ ತರಲಿಲ್ಲ. ದಿನವೂ ತರುತ್ತಿದ್ದ.

ಏಪ್ರಿಲ್ ೧೫. ಜಗಳೂರು

ಮೂರು ದಿನ ವೋಲ್ಟೇಜ್ ಬರೆದೆ. ಬೆಳಿಗ್ಗೆ ಎಷ್ಟೋ ಸಂಜೆಯೂ ಅಷ್ಟೇ. ಸೀಮೆಎಣ್ಣೆ ವಿಚಾರ ಬಿಡಬೇಕು. ಯಾರನ್ನು ಹಿಡಿಯುವುದೆಂದು ತೋಚುತ್ತಿಲ್ಲ.

ಏಪ್ರಿಲ್ ೧೬. ಜಗಳೂರು

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಇವತ್ತು ನಲವತ್ತೊಂದು ಡಿಗ್ರಿ. ಊಟ ಮುಗಿಸಿ ಎರಡೂವರೆಗೆ ಬಂದೆ. ಜನರೇಟರ್ ಓಡುತ್ತಿತ್ತು. ಬಾಗಿಲು ತೆಗೆದರೆ ಒಳಗೆ ತಣ್ಣಗಿದೆ. ನೆಲದ ಮೇಲೆ ಟವಲ್ ಹಾಸಿಕೊಂಡು ಜುಂಜಪ್ಪ ನಿದ್ದೆ ಮಾಡುತ್ತಿದ್ದ. ಎಬ್ಬಿಸಿ ಬೈದೆ. ಊಟದ ಹೊತ್ತಿಗೆ ಎ.ಸಿ. ಆರಿಸು ಎಂದು ಎಷ್ಟು ಸಲ ಹೇಳಬೇಕು ಎಂದೆ.

"ಹೊರಗೆ ತಲೆ ಸಿಡೀತೈತೆ ಮೇಡಂ. ಒಂದು ದಿನಕ್ಕೆ ಏನಾಗ್ತೈತೆ? ಬೇಕಾದ್ರೆ ಇದನ್ನೂ ಬರ್ಕೊಳ್ರಿ," ಎಂದು ಟವಲ್ ಕೊಡವಿ ಹೋದ.

ಮಧ್ಯಾಹ್ನ ಒಂದು ಸಲವೂ ಹಳದಿ ಗುರುತು ಬರಲಿಲ್ಲ. ಸಂಜೆ ಫ್ಯಾಂಟಮ್ ಇಟ್ಟೆ.

ನಾಲ್ಕು ಗುಂಪು. ಬೆಳಗಿನ ಹಾಗೆಯೇ.

ಬಸ್ಸಿನ ಸೀಟಿನ ಕೆಳಗಿದ್ದ ಮೆಷಿನ್ನಿನ ಪುಸ್ತಕ ಎಳೆದು ಧೂಳು ಹೊಡೆದು ಹಳದಿ ಗುರುತಿನ ಪುಟ ಹುಡುಕಿದೆ. ಎಂಟು ವರ್ಷದಲ್ಲಿ ಆ ಪುಟ ತೆಗೆದಿರಲಿಲ್ಲ. ಚಿತ್ರ ಹಿಡಿಯುವ ತಟ್ಟೆ ಬಿಸಿಯಾದರೆ ಅದರ ಸೂಕ್ಷ್ಮತೆ ಕುಗ್ಗುತ್ತದೆ, ಚಿತ್ರದಲ್ಲಿ ಮರಳು ಚೆಲ್ಲಿದಂತಾಗುತ್ತದೆ, ತಣ್ಣಗಾಗುವವರೆಗೆ ಯಾರ ಚಿತ್ರವನ್ನೂ ತೆಗೆಯಬೇಡಿ. ಹೀಗೆ ಬರೆದಿದ್ದಾರೆ.

ಎ.ಸಿ. ಆರಿಸಿ ಎಂದವಳು ನಾನು. ಗುರುತು ಒತ್ತು ಎಂದವಳು ನಾನು. ಅವಳು ಬೆಳಿಗ್ಗೆ ತಣ್ಣಗಿನ ಮೆಷಿನ್ನಿನಲ್ಲಿ ನಾಲ್ಕು ನೋಡಿ ನಾಲ್ಕು ಬರೆದಿದ್ದಳು. ನಾನು ಕಾದ ಮೆಷಿನ್ನಿನಲ್ಲಿ ಎರಡು ನೋಡಿ ಅವಳನ್ನು ಕಳ್ಳಿ ಎಂದಿದ್ದೆ.

ಮಧ್ಯಾಹ್ನ ಬಂದ ಅಷ್ಟು ಹೆಂಗಸರಿಗೆ ನಾವು ಏನೂ ಇಲ್ಲ ಎಂದು ಕಾಗದ ಕೊಟ್ಟು ಕಳಿಸಿದ್ದೇವೆ.

ಏಪ್ರಿಲ್ ೧೭

ದಾವಣಗೆರೆಯಲ್ಲಿ ಚಿತ್ರ ಓದುವ ಡಾಕ್ಟರ್ ಗುರುಬಸವರಾಜ್ ಅವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಚಿತ್ರ ಒರಟಾಗಿದೆ ಅಂತ ನಾನು ಮಾರ್ಚ್‌ನಲ್ಲಿ ಎರಡು ಸಲ ಬರೆದಿದ್ದೆ, ಕಲ್ಪನಾ. ನೀವು ಓದಲಿಲ್ಲವಾ?"

ಓದಿದ್ದೆ. ಹೊಸಬಳು ಸರಿಯಾಗಿ ತೆಗೆದಿಲ್ಲ ಎಂದುಕೊಂಡಿದ್ದೆ.

"ನಾನೂ ಅಲ್ಲಿಗೇ ಬಿಡಬಾರದಿತ್ತು," ಎಂದರು. "ಗುರುತು ಬಂದವರನ್ನೆಲ್ಲ ಮತ್ತೆ ಕರೆಸಬೇಕು. ಯಾರ್ಯಾರು ಅಂತ ಗೊತ್ತಾಗ್ತದಾ?"

ಕಂಪ್ಯೂಟರಿನಲ್ಲಿ ಚಿತ್ರ ತೆಗೆದ ಹೊತ್ತು ಇದೆ, ಗುರುತು ಬಂದದ್ದು ಉಳಿದಿಲ್ಲ. ಫೋನ್ ನಂಬರ್ ಅರ್ಧಕ್ಕರ್ಧ ತಪ್ಪು. ಒಂದೇ ಆಶಾ ಕಾರ್ಯಕರ್ತೆಯ ನಂಬರನ್ನು ಇಪ್ಪತ್ತು ಜನರ ಮುಂದೆ ಹಾಕಿದ್ದೇವೆ.

ಫೋನ್ ಇಟ್ಟ ಮೇಲೆ ನೀಲಿ ಪುಸ್ತಕ ನೆನಪಾಯಿತು.

ಏಪ್ರಿಲ್ ೧೯. ನ್ಯಾಮತಿ

ನೇತ್ರಾವತಿಯ ಮನೆ ಸಂತೆಪೇಟೆಯ ಹಿಂದೆ. ಅವಳ ತಾಯಿ ಭೀಮಕ್ಕ ಹೊಲಿಗೆ ಮೆಷಿನ್ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇವ್ರೇ ಏನೇ ಕಾಗ್ದ ಬರೆದೋರು?" ಎಂದು ಒಳಗೆ ಕೇಳಿದರು. ಕೂರಿ ಎನ್ನಲಿಲ್ಲ.

ನೇತ್ರಾವತಿ ಬಂದಳು. ನಿಂತುಕೊಂಡೇ ಪೂರ್ತಿ ಹೇಳಿದೆ. ಅವಳು ಆಶ್ಚರ್ಯಪಡಲಿಲ್ಲ.

"ನನಗೂ ಖಾತ್ರಿ ಇರ್ಲಿಲ್ಲ ಮೇಡಂ. ಗುರುತು ಬಂದಾಗ ತೆಗೆದೋರ್ದೆಲ್ಲ ಬರ್ಕೊಳ್ತಿದ್ದೆ. ಇನ್ನೊಂದು ಹತ್ತು ದಿನ ನೋಡಿ ನಿಮಗೆ ತೋರಿಸ್ಬೇಕು ಅಂತಿದ್ದೆ."

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ನಲ್ಲ. ಒತ್ತಮ್ಮ ಅಂದ್ರಿ."

ಭೀಮಕ್ಕ ಮತ್ತೆ ಮೆಷಿನ್ ತುಳಿಯತೊಡಗಿದರು.

ನೇತ್ರಾವತಿ ಪುಸ್ತಕ ತಂದು ಕೊಟ್ಟಳು. ಐವತ್ತೇಳು ಹೆಸರು. ಫೋನ್ ನಂಬರಿನ ಜತೆಗೆ "ಕೆರೆ ಏರಿ ಪಕ್ಕದ ಮನೆ", "ಮಗ ಆಟೊ ಹೊಡೀತಾನೆ", "ಗಂಡನಿಗೆ ಹೇಳಬಾರದು" ಎಂದೆಲ್ಲ ಬರೆದಿದ್ದಳು. ಅವಳು ಹೋದ ಮೇಲೆ ಬಂದವರು ಇದರಲ್ಲಿಲ್ಲ. ಅವರನ್ನು ನಾನೇ ಹುಡುಕಬೇಕು.

"ನೀನು ಬರಬೇಕು," ಎಂದೆ.

"ನೀವು ಬರೆದ ಕಾಗ್ದ ಮೊದ್ಲು ನಾನು ಓದ್ಬೇಕು."

ಅದರ ನಕಲು ನನ್ನ ಚೀಲದಲ್ಲಿತ್ತು. ಕೊಟ್ಟೆ. ಮೂರೂ ಪುಟ ನಿಧಾನವಾಗಿ, ಒಂದು ಸಾಲೂ ಬಿಡದೆ ಓದಿದಳು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಗೋಡೆಯ ಮೇಲೆ ಹೊಲಿದು ನೇತುಹಾಕಿದ್ದ ರವಿಕೆಗಳನ್ನು ನೋಡಿದೆ.

"ಹೆಸರುಗಳನ್ನ ಮಾರ್ತೀನಿ ಅಂತ ಬರ್ದೀರಿ," ಎಂದಳು.

"ಹೌದು."

"ಇದಕ್ಕೊಂದು ಕಾಗ್ದ ಬರೀರಿ. ಇಷ್ಟೇ ಉದ್ದ ಇರ್ಬೇಕು. ಇದು ಹೋದೋರಿಗೆಲ್ಲ ಅದೂ ಹೋಗ್ಬೇಕು. ಆಮೇಲೆ ಬರ್ತೀನಿ."

ಅಲ್ಲೇ, ಅವರ ಕಟ್ಟೆಯ ಮೇಲೆ ಕೂತು ಬರೆದೆ. ಮೂರು ಪುಟ ತುಂಬಿತು. ಬರೆದು ಮುಗಿಸುವಾಗ ಭೀಮಕ್ಕ ಒಂದು ಲೋಟ ಮಜ್ಜಿಗೆ ತಂದು ಪಕ್ಕದಲ್ಲಿಟ್ಟರು.

ಏಪ್ರಿಲ್ ೨೮. ಚನ್ನಗಿರಿ

ಹೊಸ ಕಾಗದ ಎಲ್ಲರಿಗೂ ಹೋಯಿತು, ನೇತ್ರಾವತಿ ಮರಳಿ ಬಂದಳು. ಎ.ಸಿ. ಈಗ ದಿನವಿಡೀ. ಬೆಳಿಗ್ಗೆ ಒಂದು ಪರೀಕ್ಷೆ, ಊಟವಾದ ಮೇಲೆ ಒಂದು. ಆಫೀಸಿನಿಂದ ನನಗೆ ಎರಡನೇ ಮೆಮೊ ಬಂದಿದೆ. ಫೈಲಿನಲ್ಲಿ ಒಂದರ ಪಕ್ಕದಲ್ಲಿ ಇನ್ನೊಂದು.

ಜುಂಜಪ್ಪನ ಹತ್ತಿರ ಹೋಗಿ, ಅವತ್ತು ಕ್ಯಾನ್ ಮೂಸಿದ್ದು ತಪ್ಪಾಯಿತು ಎಂದೆ. "ಮೂಸಿದ್ದಕ್ಕೇನಲ್ಲ ಬಿಡ್ರಿ. ಕೇಳಿದ್ರೆ ನಾನೇ ಹೇಳ್ತಿದ್ದೆ," ಎಂದ. ಮಧ್ಯಾಹ್ನ ಚಹಾ ಬಂತು.

ಇವತ್ತು ಹನ್ನೊಂದು ಜನ ಮತ್ತೆ ಬಂದರು. ಅವರಲ್ಲಿ ಕೆರೆಬಿಳಚಿಯ ಚೌಡೇಶ್ವರಿಗೆ ಮೊಮ್ಮಗು ಹುಟ್ಟಿದೆ, ಎತ್ತಿಕೊಂಡೇ ಬಂದಿದ್ದರು. ಎಕ್ಸ್‌ರೇ ತೆಗೆಯುವಷ್ಟು ಹೊತ್ತು ಮಗು ನನ್ನ ತೊಡೆಯ ಮೇಲಿತ್ತು.

ಮೇ ೬. ಜಗಳೂರು

ಏಪ್ರಿಲ್ ಎಂಟರಂದು ಸಾಲು ಮುರಿದು ಬಂದಿದ್ದರಲ್ಲ, ಅವರ ಹೆಸರು ಬೊಮ್ಮಕ್ಕ. ಜಗಳೂರಿನಿಂದ ಹನ್ನೆರಡು ಕಿಲೋಮೀಟರ್ ಒಳಗಿನ ಊರು. ಕರೆಗೆ ಬರಲಿಲ್ಲ. ನಾನೂ ನೇತ್ರಾವತಿಯೂ ಹೋಗಿ ಕರೆತಂದೆವು. ತಣ್ಣಗಿನ ಮೆಷಿನ್ನಿನಲ್ಲಿ ತೆಗೆದ ಚಿತ್ರ ಪರದೆಗೆ ಬಂತು.

ಎಡಗಡೆ, ಕಂಕುಳ ಕಡೆಗೆ, ಚುಕ್ಕಿಗಳು. ಉಗುರಿನಗಲ ಜಾಗದಲ್ಲಿ ಹದಿನಾಲ್ಕೋ ಹದಿನೈದೋ. ಹಳೆಯ ಚಿತ್ರ ಪಕ್ಕದಲ್ಲಿಟ್ಟೆವು. ಅಲ್ಲಿ ಮರಳು ಬಿಟ್ಟರೆ ಏನೂ ಇಲ್ಲ.

ನೇತ್ರಾವತಿ ನನ್ನ ಮುಖ ನೋಡಿದಳು. ನಾನು ಪರದೆಯನ್ನೇ ನೋಡುತ್ತಿದ್ದೆ.

ಮೇ ೮. ಜಗಳೂರು

ಡಾಕ್ಟರ್ ಚಿತ್ರ ಓದಿದರು. ಸೂಜಿ ಹಾಕಿ ಚೂರು ತೆಗೆದು ಪರೀಕ್ಷಿಸಬೇಕು, ದಾವಣಗೆರೆಗೆ ಕಳಿಸಿ ಎಂದರು. ಹೇಳಲು ಬೊಮ್ಮಕ್ಕನ ಮನೆಗೆ ಹೋದೆವು. ಹುಣಸೆಹಣ್ಣು ಕುಟ್ಟುತ್ತಿದ್ದರು. ಕೇಳಿಸಿಕೊಂಡು ಒನಕೆ ಗೋಡೆಗೆ ಒರಗಿಸಿದರು.

"ಹೋದ್ ತಿಂಗ್ಳು ಏನಿಲ್ಲ ಅಂತ ಕಾಗ್ದ ಕೊಟ್ರಿ. ಈಗ ಐತೆ ಅಂತೀರಿ. ಯಾವ್ದು ನಂಬ್ಲಿ ನಾನು?"

ಸಮಾಧಾನದ ಮಾತು ಹೇಳಬಹುದಿತ್ತು. ನೇತ್ರಾವತಿ ಬಾಯಿ ತೆರೆಯುವ ಮೊದಲು ನಾನು, "ಹೋದ ತಿಂಗಳದ್ದು ಸುಳ್ಳು ಕಾಗದ ಅಕ್ಕ," ಎಂದೆ. "ಮೆಷಿನ್ ಕಾದಿತ್ತು. ಕಾಯೋ ಹಾಗೆ ಮಾಡಿದ್ದು ನಾನೇ. ಅದು ನನಗೆ ಗೊತ್ತಿರಲಿಲ್ಲ, ತಿಳ್ಕೊಳ್ಳೋಕೂ ಹೋಗಲಿಲ್ಲ. ಈ ಸಲದ್ದು ನಂಬಿ."

ಬೊಮ್ಮಕ್ಕ ನನ್ನನ್ನು ಬಹಳ ಹೊತ್ತು ನೋಡಿದರು. ಅವರ ನೋಟ ನನಗೆ ಗೊತ್ತು. ಎರಡು ತಿಂಗಳು ನಾನು ಎಲ್ಲರನ್ನೂ ಹಾಗೇ ನೋಡಿದ್ದೆ.

"ನಿಂಗೆ ಎಷ್ಟು ವಯಸ್ಸು?"

"ನಲವತ್ತಾರು."

"ನೀನು ತೆಗಿಸ್ಕಂಡೀಯೇನು?"

"ದಿನಾ ಮೆಷಿನ್ ಹತ್ರನೇ ಇರ್ತೀನಲ್ಲ ಅಕ್ಕ."

"ನಾನು ಕೇಳಿದ್ದು ಅದಲ್ಲ."

"ಇಲ್ಲ," ಎಂದೆ.

ಅವರು ಹುಣಸೆಹಣ್ಣಿನ ಮೇಲೆ ಬಟ್ಟೆ ಮುಚ್ಚಿ ಎದ್ದು, ಸೊಸೆಯನ್ನು ಕೂಗಿ, ನಾಳೆ ದಾವಣಗೆರೆಗೆ ಹೋಗಬೇಕು, ಎಮ್ಮೆ ನೀನೇ ಕರೆದುಕೋ ಎಂದರು.

ಮೇ ೯

ನೇತ್ರಾವತಿ ಜತೆಗೆ ಹೋದಳು. ಬೊಮ್ಮಕ್ಕ ಅವಳ ಕೈ ಬಿಡಲಿಲ್ಲವಂತೆ.

ಮೇ ೨೦. ಹೊನ್ನಾಳಿ

ಫಲಿತಾಂಶ ಬಂತು. ಕ್ಯಾನ್ಸರ್. ಆದರೆ ಹಾಲಿನ ನಾಳದ ಗೋಡೆ ದಾಟಿಲ್ಲ. ಅಷ್ಟು ಭಾಗ ತೆಗೆದು ವಿಕಿರಣ ಕೊಟ್ಟರೆ ಸಾಕಾಗಬಹುದು ಎಂದು ಡಾಕ್ಟರ್ ಗುರುಬಸವರಾಜ್ ಹೇಳಿದರು. ಇನ್ನೊಂದು ವರ್ಷ ತಡವಾಗಿದ್ದರೆ ಬೇರೆ ಮಾತಾಗುತ್ತಿತ್ತು ಎಂದೂ ಹೇಳಿದರು. ಪಟ್ಟಿಯಲ್ಲಿ ಇನ್ನೂ ಒಂಬತ್ತು ಜನ ಸಿಕ್ಕಿಲ್ಲ. ಇಬ್ಬರು ಕೂಲಿಗೆಂದು ಕೊಡಗಿಗೆ ಹೋಗಿದ್ದಾರೆ. ಒಬ್ಬರ ಊರಿನ ಹೆಸರನ್ನೇ ನಾನು ತಪ್ಪು ಬರೆದಿದ್ದೇನೆ. ಜುಂಜಪ್ಪ ಪರಿಚಯದ ಡ್ರೈವರುಗಳಿಗೆಲ್ಲ ಹೇಳಿದ್ದಾನೆ.

ಮೇ ೨೨. ಹೊನ್ನಾಳಿ

ಊಟದ ನಂತರ, ಮುಂದಿನವರು ಬರಲು ಹೊತ್ತಿತ್ತು. ನೇತ್ರಾವತಿಗೆ, "ನನ್ನದೊಂದು ತೆಗೆ," ಎಂದೆ. ಅವಳು ಯಾಕೆ ಎಂದು ಕೇಳಲಿಲ್ಲ. ಫಾರಂ ತೆಗೆದು ಹೆಸರು, ವಯಸ್ಸು ಬರೆದಳು.

ಆ ಬಟ್ಟೆ ಪರದೆಯ ಹಿಂದೆ ನಿಂತು ಕುಪ್ಪಸ ಬಿಚ್ಚಿದ್ದು ಮೊದಲ ಸಲ. ಎಷ್ಟು ಇಕ್ಕಟ್ಟು ಅಲ್ಲಿ. ತಟ್ಟೆ ಐಸಿನಷ್ಟು ತಣ್ಣಗಿತ್ತು. ಮೇಲಿನದು ಇಳಿದು ಒತ್ತಿದಾಗ ಕಣ್ಣಲ್ಲಿ ನೀರು ಬಂತು. ಎಂಟು ವರ್ಷ ಎಲ್ಲರಿಗೂ ನೋಯುವುದಿಲ್ಲ ಎಂದು ಹೇಳುತ್ತಾ ಬಂದಿದ್ದೇನೆ.

"ನೋವಾಗ್ತೈತೆ, ಒಂದೇ ನಿಮಿಷ," ಎಂದಳು ನೇತ್ರಾ. "ಭುಜ ಸಡಿಲ ಬಿಡ್ರಿ ಮೇಡಂ. ಹೂಂ. ಉಸಿರು ಹಿಡೀರಿ."

ಹಿಡಿದೆ.

ನಾಲ್ಕು ಚಿತ್ರ ತೆಗೆದಳು. ನಾನು ಸೀರೆ ಸರಿಮಾಡಿಕೊಳ್ಳುವಷ್ಟರಲ್ಲಿ, "ಚಿತ್ರ ಚೆನ್ನಾಗಿ ಬಂದಾವೆ. ಡಾಕ್ಟ್ರಿಗೆ ಕಳಿಸಿದೀನಿ. ಸೋಮವಾರ ರಿಪೋರ್ಟು," ಎಂದಳು.

ಸರಿ ಎಂದೆ. ಹೊರಗೆ ಬೆಂಚಿನ ಮೇಲೆ ಮುಂದಿನ ನಂಬರಿನ ಲಕ್ಷ್ಮಿದೇವಿ ಬಂದು ಕೂತಿದ್ದರು. ಬಿಸಿಲಲ್ಲಿ ನಡೆದು ಬಂದಿದ್ದರು. ನೀರು ಕೊಟ್ಟು ಒಳಗೆ ಕರೆದೆ.